ಆಂಪ್ ಇಲ್ಲದ ವೇದಿಕೆಯಲ್ಲಿ ಬೇಸ್ ಗಿಟಾರ್

ಬೇಸ್ ಗಿಟಾರ್ ನುಡಿಸುವುದೇ ನನ್ನ ಹೊಟ್ಟೆಪಾಡು. ಈಗೀಗ ನಾನು ಹೋಗುವ ಹೆಚ್ಚಿನ ಕಾರ್ಯಕ್ರಮಗಳಲ್ಲಿ ವೇದಿಕೆಯ ಮೇಲೆ ಬೇಸ್ ಆಂಪ್, ಅಂದರೆ ಬೇಸ್‌ನ ದನಿ ಹೆಚ್ಚಿಸಿ ಕೇಳಿಸುವ ಸ್ಪೀಕರ್ ಪೆಟ್ಟಿಗೆ, ಇರುವುದೇ ಇಲ್ಲ. ಗಿಟಾರಿನಿಂದ ಒಂದು ಕೇಬಲ್ ಡಿಐ ಬಾಕ್ಸಿಗೆ (ಗಿಟಾರಿನ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆ), ಅಲ್ಲಿಂದ ಇನ್ನೊಂದು ಮಿಕ್ಸರಿಗೆ. ಅಷ್ಟೇ. ಹೊಸದಾಗಿ ಈ ಕೆಲಸಕ್ಕೆ ಬಂದವರು ಮೊದಲು ಕೇಳುವುದು, "ಜನಕ್ಕೆ ಸರಿಯಾಗಿ ಕೇಳಿಸುತ್ತಾ?" ಅಂತ. ಜನಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ. ಎಷ್ಟೋ ಸಲ ಆಂಪ್ ಇದ್ದಾಗಿನದಕ್ಕಿಂತ ಚೆನ್ನಾಗಿ. ಕೇಳಿಸದೆ ಒದ್ದಾಡುವುದು ನುಡಿಸುವವರು.

ಸೌಂಡ್ ಇಂಜಿನಿಯರ್‌ಗಳಿಗೆ ಆಂಪ್ ಯಾಕೆ ಬೇಡ ಅನ್ನುವುದಕ್ಕೆ ಕಾರಣ ಇದೆ. ಬೇಸ್‌ನ ದಪ್ಪ ತಂತಿಯನ್ನು ಹಾಗೇ ಮೀಟಿದರೆ ಸುಮಾರು 41 ಹರ್ಟ್ಸ್. ಆ ಅಲೆಯ ಉದ್ದ 8 ಮೀಟರಿಗೂ ಜಾಸ್ತಿ. ಆಂಪನ್ನು ಯಾವ ಕಡೆ ತಿರುಗಿಸಿಟ್ಟರೂ ಇಂಥ ದನಿ ಸುತ್ತ ಎಲ್ಲ ದಿಕ್ಕಿಗೂ ಹರಡುತ್ತದೆ. ಹಾಡುವವರ ಮೈಕಿಗೂ ನುಗ್ಗುತ್ತದೆ, ಡ್ರಮ್ಸ್ ಮೈಕಿಗೂ ನುಗ್ಗುತ್ತದೆ. ಆಮೇಲೆ ಇಂಜಿನಿಯರ್ ಬೇಸ್ ಚಾನೆಲ್ ಪೂರ್ತಿ ಇಳಿಸಿದರೂ ಗುಂಯ್ ಅನ್ನುವುದು ನಿಲ್ಲುವುದಿಲ್ಲ. ಆಂಪ್ ತೆಗೆದರೆ ಆ ತಲೆನೋವು ಹೋಯ್ತು. ಇದು ಹೊಸ ಉಪಾಯವೇನಲ್ಲ. 1960ರ ದಶಕದಲ್ಲಿ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಬೇಸ್ ನುಡಿಸುವಾಗಲೂ ಗಿಟಾರನ್ನು ನೇರವಾಗಿ ಮಿಕ್ಸರಿಗೇ ಕೊಟ್ಟು ರೆಕಾರ್ಡ್ ಮಾಡುತ್ತಿದ್ದರು. ಆದರೆ ಸ್ಟುಡಿಯೋ ಬೇರೆ, ಪಕ್ಕದಲ್ಲೇ ಡ್ರಮ್ಸ್ ಬಾರಿಸುತ್ತಿರುವ ವೇದಿಕೆ ಬೇರೆ.

ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಸಂಗತಿ ಬಲಗೈಗೆ ಸಂಬಂಧಿಸಿದ್ದು. ತನ್ನ ದನಿ ತನಗೆ ಕೇಳಿಸದಿದ್ದರೆ ಕೈ ತಾನಾಗಿಯೇ ಜೋರು ಮಾಡುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಜೋರಾಗಿ ಮೀಟಿದಾಗ ತಂತಿ ಕೆಳಗಿನ ಲೋಹದ ಪಟ್ಟಿಗಳಿಗೆ, ಅಂದರೆ ಫ್ರೆಟ್‌ಗಳಿಗೆ ಬಡಿದು ಕಟಕಟ ಅನ್ನುತ್ತದೆ. ಸ್ವರ ಶುರುವಿನಲ್ಲಿ ಒಂದು ಎಳೆ ಮೇಲೆ ಹೋಗಿ ಆಮೇಲೆ ಶ್ರುತಿಗೆ ಇಳಿಯುತ್ತದೆ. ಮೊದಲ ಏಟು ದೊಡ್ಡದಾಗಿ, ಅದರ ಹಿಂದಿನ ದನಿ ಸಣಕಲಾಗುತ್ತದೆ. ಅತ್ತ ಜೋರು ದನಿಯನ್ನು ತಗ್ಗಿಸುವ ಕಂಪ್ರೆಸರ್ ಆ ಏಟನ್ನು ಹಿಡಿದು ಅದುಮುತ್ತದೆ. ಒರಟಾಗಿದೆ ಅಂತ ಇಂಜಿನಿಯರ್ ಇನ್ನೂ ಇಳಿಸುತ್ತಾರೆ. ನುಡಿಸುವವರು ಇನ್ನೂ ಜೋರು ಮಾಡುತ್ತಾರೆ. ಮೂರನೇ ಹಾಡಿನ ಹೊತ್ತಿಗೆ ಮುಂಗೈ ನೋಯಲು ಶುರು. ಬೆರಳು ದಣಿದರೆ ಲಯವೂ ಎಳೆಯುತ್ತದೆ. ಇದಕ್ಕೆಲ್ಲ ಮೂಲ, ನಮ್ಮ ದನಿ ನಮಗೇ ಕೇಳಿಸಲೆಂದು ಇಡುವ ಮಾನಿಟರ್ ಸರಿ ಇಲ್ಲದಿರುವುದು, ಬೇರೇನೂ ಅಲ್ಲ.

ಹಾಗಾಗಿ ಸೌಂಡ್ ಚೆಕ್ ಅಂದರೆ ನನಗೆ ಮೊದಲು ಮಾನಿಟರ್. ಹೊರಗಿನ ದನಿಯನ್ನು ಇಂಜಿನಿಯರ್ ನೋಡಿಕೊಳ್ಳುತ್ತಾರೆ, ಅದು ಅವರ ಕೆಲಸ. "ಬೇಸ್ ಕೇಳಿಸ್ತಿಲ್ಲ ಸರ್" ಅಂತ ಸುಮ್ನೆ ಕೂಗಿದರೆ ಅವರು ಲೆವೆಲ್ ಏರಿಸುತ್ತಾರೆ, ಇನ್ನೇನು ಮಾಡಿಯಾರು? ಕಾಲ ಬಳಿ ಇಟ್ಟ ಮಾನಿಟರ್ ಸ್ಪೀಕರ್‌ಗೆ ಅಷ್ಟು ತಗ್ಗಿನ ದನಿಯನ್ನು ಹೊರಡಿಸುವ ಶಕ್ತಿ ಇರುವುದಿಲ್ಲ. ಬರೀ ಗೊಜ್ಜಾಗುತ್ತದೆ. ನಾನು ಕೇಳುವುದು ಹೀಗೆ: "ಸರ್, ನನ್ನ ಮಾನಿಟರಲ್ಲಿ ಮಾತ್ರ ಬೇಸ್‌ನ ಲೋ ಸ್ವಲ್ಪ ತೆಗೀರಿ, 800 ಹರ್ಟ್ಸ್ ಹತ್ತಿರ ಸ್ವಲ್ಪ ಏರಿಸಿ." ಬೆರಳು ತಂತಿಗೆ ತಾಗುವ ಸದ್ದು ಅಲ್ಲೇ ಸುತ್ತಮುತ್ತ ಸಿಗುತ್ತದೆ. ತಗ್ಗಿನ ದನಿ ಹೋಯ್ತಲ್ಲ ಅಂತ ಭಯ ಬೇಡ. ಅದೇ ತಂತಿಯಿಂದ ಜೊತೆಗೇ ಹುಟ್ಟುವ 82, 124 ಹರ್ಟ್ಸ್‌ನ ಮೇಲಿನ ದನಿಗಳು ಕೇಳಿಸಿದರೆ ಸಾಕು, 41ರ ಸ್ವರವನ್ನು ಕಿವಿ ತಾನೇ ಕಟ್ಟಿಕೊಳ್ಳುತ್ತದೆ. ಚಿಕ್ಕ ರೇಡಿಯೋದಲ್ಲೂ ಬೇಸ್ ಯಾವ ಸ್ವರ ಅಂತ ತಿಳಿಯುತ್ತದೆ, ಅಲ್ವಾ? ಇನ್ನೊಂದು ಮಾತು: ಮಾನಿಟರಿಗೆ ದನಿ ಕಳಿಸುವುದು ಪ್ರೀ-ಫೇಡರ್ ಇರಬೇಕು, ಅಂದರೆ ಹೊರಗಿನ ಲೆವೆಲ್ ಏರಿಳಿಸಿದರೂ ಅದು ಬದಲಾಗಬಾರದು. ಇಲ್ಲದಿದ್ದರೆ ಹೊರಗೆ ಇಳಿಸಿದಾಗಲೆಲ್ಲ ನಿಮ್ಮ ಕಿವಿಯಲ್ಲೂ ಇಳಿಯುತ್ತದೆ. ಕೈ ಮತ್ತೆ ಜೋರು ಮಾಡುತ್ತದೆ.

ಇನ್-ಇಯರ್, ಅಂದರೆ ಕಿವಿಯೊಳಗೆ ಹಾಕಿಕೊಳ್ಳುವ ಮಾನಿಟರ್ ಇದ್ದರೆ ಎಷ್ಟೋ ವಾಸಿ. ಆದರೆ ಒಂದು ಕಿವಿಗೆ ಹಾಕಿ ಇನ್ನೊಂದನ್ನು ತೆಗೆದು ಜೋತು ಬಿಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಖಾಲಿ ಕಿವಿಗೆ ವೇದಿಕೆಯ ಗದ್ದಲ ಬಡಿಯುತ್ತದೆ. ಅದನ್ನು ಮೀರಿಸಲು ಹಾಕಿದ ಕಿವಿಯ ದನಿ ಏರಿಸುತ್ತೇವೆ. ಕಿವಿ ಹಾಳಾಗುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಜನರ ಸದ್ದು ಬೇಕೆನಿಸಿದರೆ ವೇದಿಕೆಯ ಅಂಚಿಗೆ ಒಂದು ಮೈಕ್ ಇಡಿಸಿ ಅದನ್ನು ಸ್ವಲ್ಪ ಕಳಿಸಲು ಹೇಳಿ. ನನ್ನ ಮಿಕ್ಸ್‌ನಲ್ಲಿ ಬೇಸ್, ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಹಾಡುವವರ ದನಿ ಇದ್ದರೆ ಆಯ್ತು. ಕೀಬೋರ್ಡ್ ಬೇಕಾದಷ್ಟು ಮಾತ್ರ.

ಆಂಪ್ ಹೋದಾಗ ಕಷ್ಟಕ್ಕೆ ಬೀಳುವ ಇನ್ನೊಬ್ಬರು ಡ್ರಮ್ಮರ್. ಇದನ್ನು ಯಾರೂ ಹೇಳುವುದಿಲ್ಲ. ಅವರು ಇಷ್ಟು ದಿನ ಪಕ್ಕದ ಆಂಪಿನ ಬಲದ ಮೇಲೆ ಲಯ ಹಿಡಿದವರು. ಬೆನ್ನಿಗೆ ಬಡಿಯುತ್ತಿದ್ದ ದನಿ ಏಕಾಏಕಿ ಇಲ್ಲ ಅಂದರೆ ಕಿಕ್ ಎಲ್ಲಿ ಕೂರಿಸಬೇಕು ಅಂತ ತಡಕಾಡುತ್ತಾರೆ. ಹೊರಗಿನ ದೊಡ್ಡ ಸ್ಪೀಕರ್‌ಗಳ ದನಿ ತಿರುಗಿ ಬಂದು ಕೇಳಿಸುತ್ತದೆ ನಿಜ, ಆದರೆ ತಡವಾಗಿ. ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡ್. ಹಿಂದಿನ ಗೋಡೆಗೆ ಬಡಿದು ಬಂದ ಬೇಸನ್ನು ನಂಬಿ ನುಡಿಸಿದರೆ ಹಾಡು ಹಿಂದೆ ಬೀಳುತ್ತಲೇ ಹೋಗುತ್ತದೆ. ಅದಕ್ಕೇ, ಡ್ರಮ್ಮರ್ ಮಾನಿಟರಿಗೆ ಬೇಸ್ ಹೋಗ್ತಾ ಇದೆಯಾ ಅಂತ ನಾನೇ ಕೇಳಿ ಖಚಿತ ಮಾಡಿಕೊಳ್ಳುತ್ತೇನೆ.

ಡಿಐ ಬಾಕ್ಸ್ ನಿಮ್ಮದೇ ಇರಲಿ. ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸ್ ಆದರೆ ಆಕ್ಟಿವ್ ಡಿಐ ಒಳ್ಳೆಯದು, ಇಲ್ಲದಿದ್ದರೆ ದನಿಯ ಹೊಳಪು ಸ್ವಲ್ಪ ಮಂಕಾಗಬಹುದು. ಅದಕ್ಕೆ ಮಿಕ್ಸರಿನಿಂದ ಕೇಬಲ್ ಮೂಲಕವೇ ಬರುವ ವಿದ್ಯುತ್, ಅಂದರೆ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು, ಅಥವಾ ಒಳಗೆ ಬ್ಯಾಟರಿ. ಗುಂಯ್ ಅಂದರೆ ಮೊದಲು ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ. ಕೇಬಲ್ ಕೀಳುವ ಮುಂಚೆ ಚಾನೆಲ್ ಮ್ಯೂಟ್ ಮಾಡಿಸಿ. ಈ ಒಂದಕ್ಕೇ ಇಂಜಿನಿಯರ್‌ಗಳು ನಿಮ್ಮ ಮೇಲೆ ಪ್ರೀತಿ ಇಟ್ಟುಕೊಳ್ಳುತ್ತಾರೆ.

ಆಂಪಿನ ಸ್ಪೀಕರ್ ನಮಗೆ ಗೊತ್ತಿಲ್ಲದೆ ಒಂದು ಉಪಕಾರ ಮಾಡುತ್ತಿತ್ತು. ಮೇಲಿನ ದನಿಗಳನ್ನು ಅದೇ ನುಂಗಿಬಿಡುತ್ತಿತ್ತು. ನೇರವಾಗಿ ಕೊಟ್ಟಾಗ ಬೆರಳು ಜಾರುವ ಕಿರ್ರ್ ಸದ್ದು, ಉಗುರು ತಾಗಿದ್ದು, ಎಡಗೈ ಅದುಮದೆ ಬಿಟ್ಟ ತಂತಿ, ಎಲ್ಲ ಹೊರಗೆ. ಸ್ಪೀಕರ್ ಕ್ಯಾಬಿನೆಟ್‌ನ ಗುಣ ಕೊಡುವ ಪ್ರೀಆಂಪ್ ಪೆಡಲ್ ಇಟ್ಟುಕೊಳ್ಳಬಹುದು. ಅದಿಲ್ಲದಿದ್ದರೆ 5 ಕಿಲೋಹರ್ಟ್ಸ್‌ನಿಂದ ಮೇಲೆ ಕತ್ತರಿಸಲು ಇಂಜಿನಿಯರ್‌ಗೆ ಹೇಳಿದರೂ ಮುಕ್ಕಾಲು ಪಾಲು ಸರಿಹೋಗುತ್ತದೆ. ಉಳಿದಿದ್ದು ಎಡಗೈ ಅಭ್ಯಾಸದ ವಿಷಯ.

ಎಲ್ಲ ಕಡೆಗೂ ಆಂಪ್ ಬಿಟ್ಟು ಹೋಗುತ್ತೇನೆ ಅಂತಲ್ಲ. ಹಾಡುವವರಿಗೆ ಅಂತ ಎರಡು ಚಿಕ್ಕ ಸ್ಪೀಕರ್ ಮಾತ್ರ ಇರುವ ಜಾಗದಲ್ಲಿ ಬೇಸನ್ನೂ ಅದಕ್ಕೇ ತುರುಕಿದರೆ ಹಾಡೂ ಕೆಡುತ್ತದೆ, ಬೇಸೂ ಕೆಡುತ್ತದೆ. ಅಂಥ ಕಡೆ ಆಂಪ್ ಹೊತ್ತುಕೊಂಡೇ ಹೋಗುತ್ತೇನೆ. ಆದ್ದರಿಂದ ಕಾರ್ಯಕ್ರಮ ಒಪ್ಪಿಕೊಳ್ಳುವಾಗ ಸಂಭಾವನೆ ಮಾತಾಡುವ ಮೊದಲೇ ಎರಡು ವಿಷಯ ಕೇಳಿಬಿಡುತ್ತೇನೆ: ಸಬ್‌ವೂಫರ್ (ತಗ್ಗಿನ ದನಿಗೆಂದೇ ಇರುವ ಸ್ಪೀಕರ್) ಇದೆಯಾ? ನನಗೆ ಅಂತ ಬೇರೆ ಮಾನಿಟರ್ ಮಿಕ್ಸ್ ಕೊಡ್ತೀರಾ?