ಚಿಲಾಕಿಲೆಸ್: ರೊಟ್ಟಿ ಒಣಗಿರಬೇಕು, ಸಾಲ್ಸಾ ಗಟ್ಟಿಯಿರಬೇಕು

ರಾತ್ರಿ ಉಳಿದ ಅನ್ನ ನಮ್ಮಲ್ಲಿ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ಮೆಕ್ಸಿಕೊದ ಮನೆಗಳಲ್ಲಿ ಉಳಿದ ಟಾರ್ಟಿಯಾ ಚಿಲಾಕಿಲೆಸ್ ಆಗುತ್ತದೆ. ಟಾರ್ಟಿಯಾ ಅಂದರೆ ಮುಸುಕಿನ ಜೋಳದ ತೆಳು ರೊಟ್ಟಿ. ಅದನ್ನು ತುಂಡು ಮಾಡಿ ಕರಿದು, ಬಿಸಿ ಮೆಣಸಿನಕಾಯಿ ಸಾಲ್ಸಾದಲ್ಲಿ ಒಂದು ನಿಮಿಷ ಹೊರಳಿಸಿ, ಮೇಲೆ ಮೊಟ್ಟೆ, ಚೀಸ್, ಹಸಿ ಈರುಳ್ಳಿ ಹಾಕಿ ತಿನ್ನುವ ತಿಂಡಿ ಇದು. ಚಿಲಾಕಿಲೆಸ್ ಎಂಬ ಹೆಸರು ಬಂದಿದ್ದು ಅಲ್ಲಿನ ನಾವಾಟ್ಲ್ ಭಾಷೆಯಿಂದ. ನಾವು ದಿನಾ ಹೇಳುವ ಟೊಮೇಟೊ ಎಂಬ ಪದದ ಮೂಲವೂ ಅದೇ ಭಾಷೆ. ಭಾನುವಾರ ತಡವಾಗಿ ಎದ್ದು, ತಿಂಡಿ ಊಟ ಎರಡನ್ನೂ ಒಂದೇ ಸಲ ಮುಗಿಸುವವರಿಗೆ ಹೇಳಿ ಮಾಡಿಸಿದ್ದು. ಎಲ್ಲ ಸೇರಿ ಅರ್ಧ ಗಂಟೆ ಸಾಕು.

ಇದು ಕೆಡುವುದು ಹೆಚ್ಚಾಗಿ ನೀರಿನಿಂದ. ರೊಟ್ಟಿಯಲ್ಲಿ ತೇವ ಉಳಿದರೂ, ಸಾಲ್ಸಾ ನೀರಾದರೂ ತಟ್ಟೆಗೆ ಬರುವುದು ಗಂಜಿ.

ಮೊದಲು ಟಾರ್ಟಿಯಾ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಗುವ ಪ್ಯಾಕೆಟ್ ತೆಗೆದುಕೊಳ್ಳುವ ಮುಂಚೆ ಹಿಂಬದಿಯ ಪಟ್ಟಿ ಓದಿ. ಮುಂದೆ ಕಾರ್ನ್ ಎಂದಿದ್ದರೂ ಒಳಗೆ ಮೈದಾ ಹೆಚ್ಚಿರುವುದುಂಟು. ಗೋಧಿಯಲ್ಲಿ ಅಂಟು ಇರುವುದರಿಂದ ಮೈದಾ ಟಾರ್ಟಿಯಾ ಸಾಲ್ಸಾ ಕುಡಿದ ಕೂಡಲೇ ಚಕ್ಕಳದ ಹಾಗೆ ಜಗ್ಗುತ್ತದೆ. ಪೊಟ್ಟಣದ ನ್ಯಾಚೋಸ್ ಚಿಪ್ಸ್ ಕೂಡ ಬೇಡ. ಅವು ತೀರಾ ತೆಳು, ಉಪ್ಪು ಮಸಾಲೆ ಆಗಲೇ ಮೆತ್ತಿರುತ್ತದೆ, ಬಿಸಿ ಸಾಲ್ಸಾ ತಾಕಿದ ಅರ್ಧ ನಿಮಿಷದಲ್ಲೇ ಮುದ್ದೆ.

ಮನೆಯಲ್ಲೇ ತಟ್ಟುವುದಾದರೆ ಮಾಸಾ ಹರೀನಾ ಎಂಬ ಹಿಟ್ಟು ಬೇಕು, ಆನ್‌ಲೈನ್‌ನಲ್ಲಿ ಸಿಗುತ್ತದೆ. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು, ಅರೆದು, ಒಣಗಿಸಿದ ಹಿಟ್ಟು ಅದು. ಎಲೆ ಅಡಿಕೆಗೆ ಹಚ್ಚುವ ಸುಣ್ಣದ ಜಾತಿಯೇ. ಸುಣ್ಣ ಕಾಳಿನ ಸಿಪ್ಪೆ ಬಿಡಿಸುತ್ತದೆ, ಹಿಟ್ಟಿಗೆ ಹಿಡಿತ ಕೊಡುತ್ತದೆ, ಟಾರ್ಟಿಯಾದ ಆ ವಿಶಿಷ್ಟ ಘಮವೂ ಅದರದ್ದೇ. ಸಾದಾ ಮೆಕ್ಕೆಜೋಳದ ಹಿಟ್ಟಿಗೆ ಈ ಸಂಸ್ಕಾರ ಇಲ್ಲ, ಹಾಗಾಗಿ ಅಂಚು ಬಿರಿಯುತ್ತದೆ. ಅದೊಂದೇ ಇದ್ದರೆ ಒಂದು ಕಪ್ ಹಿಟ್ಟಿಗೆ ಎರಡು ಚಮಚ ಮೈದಾ ಸೇರಿಸಿ, ಕುದಿಯುವ ನೀರಿನಲ್ಲಿ ಕಲಸಿ, 20 ನಿಮಿಷ ಮುಚ್ಚಿಟ್ಟು, ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿ. ಘಮ ಬರುವುದಿಲ್ಲ, ಕರಿಯುವುದಕ್ಕೆ ಮೋಸವಿಲ್ಲ.

ಇಬ್ಬರಿಗೆ ಆರಂಗುಲದ 8 ಟಾರ್ಟಿಯಾ, ಅಂದಾಜು 200 ಗ್ರಾಂ. ರಾತ್ರಿಯೇ ಒಂದೊಂದನ್ನೂ ಆರು ತ್ರಿಕೋನವಾಗಿ ಕತ್ತರಿಸಿ ಫ್ಯಾನಿನ ಕೆಳಗೆ ಹರಡಿಬಿಡಿ. ಮಳೆಗಾಲದಲ್ಲಿ ಗಾಳಿಗೆ ಒಣಗುವುದಿಲ್ಲ. ಬೆಳಿಗ್ಗೆ ಕಾದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಒಂದೊಂದು ನಿಮಿಷ ಬಿಸಿ ಮಾಡಿ. ತೇವವಿರುವ ತುಂಡು ಎಣ್ಣೆ ಕುಡಿಯುತ್ತದೆ, ಗರಿಯಾಗುವುದಿಲ್ಲ. ಎಣ್ಣೆ ಸುಮಾರು 180 ಡಿಗ್ರಿ ಇರಲಿ: ತುಂಡು ಹಾಕಿದ ಕೂಡಲೇ ಚುರ್ ಎಂದು ಮೇಲೇಳಬೇಕು. ಎರಡು ಮೂರು ಕಂತಿನಲ್ಲಿ ಕರಿಯಿರಿ. ಹೊಂಬಣ್ಣ ಬಂದರಷ್ಟೇ ಸಾಲದು. ನಿಪ್ಪಟ್ಟು ಕರಿಯುವಾಗಿನ ಹಾಗೆ ಗುಳ್ಳೆ ತಗ್ಗಿ ಸದ್ದು ಅಡಗಬೇಕು. ಒಳಗಿನ ನೀರು ಹೋಗಿದೆ ಎನ್ನುವುದಕ್ಕೆ ಅದೇ ಗುರುತು.

ಇನ್ನು ಸಾಲ್ಸಾ. ಕೆಂಪು ಚಿಲಾಕಿಲೆಸ್‌ಗೆ ಅಲ್ಲಿ ಹೆಚ್ಚಾಗಿ ಹಾಕುವುದು ಗ್ವಾಹಿಯೊ ಎಂಬ ಒಣಮೆಣಸು: ಬಣ್ಣ ಗಾಢ, ಖಾರ ಕಡಿಮೆ. ಇದನ್ನು ಓದಿದ ಕನ್ನಡಿಗರಿಗೆ ತಕ್ಷಣ ನೆನಪಾಗುವುದು ಬ್ಯಾಡಗಿ, ನೆನಪಾಗಬೇಕಾದ್ದೂ ಅದೇ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಈ ಮೆಣಸಿಗಿಂತ ಒಳ್ಳೆಯ ಬದಲಿ ನಮ್ಮಲ್ಲಿಲ್ಲ. 10 ಬ್ಯಾಡಗಿ, ಖಾರಕ್ಕೆ 1 ಅಥವಾ 2 ಗುಂಟೂರು. ತೊಟ್ಟು ಕಿತ್ತು ಬೀಜ ಉದುರಿಸಿ, ಬಿಸಿ ಹಂಚಿನಲ್ಲಿ 15 ರಿಂದ 20 ಸೆಕೆಂಡು ಮಾತ್ರ ಹುರಿಯಿರಿ. ಗ್ವಾಹಿಯೊಗಿಂತ ಬ್ಯಾಡಗಿಯ ಸಿಪ್ಪೆ ತೆಳು, ಬೇಗ ಸೀಯುತ್ತದೆ. ಕಪ್ಪಾದ ಒಂದೇ ಒಂದು ಮೆಣಸು ಇಡೀ ಬಾಣಲೆಯನ್ನು ಕಹಿ ಮಾಡುತ್ತದೆ. ಸಕ್ಕರೆ ಬೆಲ್ಲದಿಂದ ಆ ಕಹಿ ಹೋಗುವುದಿಲ್ಲ. ಸೀದಿದ್ದನ್ನು ಎಸೆದು ಬೇರೆ ಹುರಿಯುವುದೇ ದಾರಿ.

ಹುರಿದ ಮೆಣಸು, 400 ಗ್ರಾಂ ಟೊಮೇಟೊ, ಅರ್ಧ ಈರುಳ್ಳಿ, 3 ಎಸಳು ಬೆಳ್ಳುಳ್ಳಿಯನ್ನು ಮುಳುಗುವಷ್ಟು ನೀರಿನಲ್ಲಿ 8 ರಿಂದ 10 ನಿಮಿಷ ಬೇಯಿಸಿ. ನಾಟಿ ಟೊಮೇಟೊ ಆದರೆ ಹುಳಿ ಚೆನ್ನಾಗಿರುತ್ತದೆ, ಆದರೆ ರಸ ಹೆಚ್ಚು, ಜಾಸ್ತಿ ಹೊತ್ತು ಬತ್ತಿಸಬೇಕು. ಹೈಬ್ರಿಡ್ ಆದರೆ ಕೊನೆಗೆ ಅರ್ಧ ನಿಂಬೆಹಣ್ಣು ಹಿಂಡಿ. ಬೇಯಿಸಿದ ನೀರು ಅರ್ಧ ಕಪ್ ಮಾತ್ರ ಸೇರಿಸಿ ನುಣ್ಣಗೆ ರುಬ್ಬಿ ಸೋಸಿ. ಸೋಸದಿದ್ದರೆ ಮೆಣಸಿನ ಸಿಪ್ಪೆ ಗಂಟಲಿಗೆ ಅಂಟುತ್ತದೆ. ಅಗಲವಾದ ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ, ಸಾಲ್ಸಾ ಒಮ್ಮೆಲೇ ಸುರಿದು, ಉಪ್ಪು ಹಾಕಿ 6 ರಿಂದ 8 ನಿಮಿಷ ಕುದಿಸಿ. ಹಸಿವಾಸನೆ ಹೋಗಿ ಬಣ್ಣ ಗಾಢವಾಗಬೇಕು. ಹದ ಹೇಗೆ? ಟೊಮೇಟೊ ಗೊಜ್ಜಿಗಿಂತ ತುಸು ತೆಳು. ಸೌಟಿನಿಂದ ಗೀರಿದರೆ ಬಾಣಲೆಯ ತಳ ಒಂದು ಕ್ಷಣ ಕಾಣಿಸಿ ಮುಚ್ಚಿಕೊಳ್ಳಬೇಕು. ಒಗ್ಗರಣೆ ಹಾಕಬೇಕು ಎಂದು ಕೈ ತುಡಿಯುತ್ತದೆ, ದಯವಿಟ್ಟು ತಡೆಯಿರಿ. ಸಾಸಿವೆ ಕರಿಬೇವು ಬಿದ್ದರೆ ಅದು ಗೊಜ್ಜೇ ಆಗಿಬಿಡುತ್ತದೆ.

ಮೊಟ್ಟೆ, ಮೇಲಲಂಕಾರ, ತಟ್ಟೆ ಎಲ್ಲ ಸಿದ್ಧವಾದ ಮೇಲೆಯೇ ಕರಿದ ಟಾರ್ಟಿಯಾ ಚಿಪ್ಸ್ ಬಾಣಲೆಗೆ ಇಳಿಯಬೇಕು. ಸಾಲ್ಸಾ ಒಂದೂವರೆ ಕಪ್‌ನಷ್ಟಿರಲಿ, ಕುದಿಯುತ್ತಿರಲಿ. ಚಿಪ್ಸ್ ಹಾಕಿ, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಮಗುಚಿ, 45 ಸೆಕೆಂಡಿನಿಂದ ಒಂದು ನಿಮಿಷದೊಳಗೆ ಉರಿ ಆರಿಸಿ. ಮುಚ್ಚಳ ಬೇಡ, ಅದರ ಹಬೆ ಮೇಲಿನ ಪದರವನ್ನೂ ಮೆತ್ತಗೆ ಮಾಡುತ್ತದೆ. ಹೊರಗೆ ಸಾಲ್ಸಾ ಹೀರಿ ಮೃದು, ನಡುವೆ ಇನ್ನೂ ಕಚ್ಚಿದರೆ ಸಿಗುವ ಗರಿ: ಬೇಕಾದ್ದು ಅದು.

ಮೇಲೆ ಹಳದಿ ಒಡೆಯದ ಮೊಟ್ಟೆ, ಉಪ್ಪು ಬೆರೆಸಿ ಪುಡಿ ಮಾಡಿದ ಪನೀರ್, ತಣ್ಣೀರಿನಲ್ಲಿ ತೊಳೆದ ಈರುಳ್ಳಿ, ಕೊತ್ತಂಬರಿ. ಅಲ್ಲಿನ ಹುಳಿಗೆನೆ ಕ್ರೆಮಾ ಬದಲಿಗೆ ಕಾಲು ಕಪ್ ಫ್ರೆಶ್ ಕ್ರೀಮಿಗೆ ಎರಡು ಚಮಚ ಗಟ್ಟಿ ಮೊಸರು.

ಅಡುಗೆಮನೆಯಲ್ಲಿ ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿ ಇದ್ದರೆ ಅದರಲ್ಲೂ ಮಾಡಬಹುದು. ಬಿಳಿಜೋಳದಲ್ಲೂ ಅಂಟಿಲ್ಲ, ರೊಟ್ಟಿ ಆಗಲೇ ಒಣಗಿರುತ್ತದೆ. ದೊಡ್ಡ ಚೂರುಗಳಾಗಿ ಮುರಿದು, ಕರಿಯದೆ, ಎರಡು ಚಮಚ ಎಣ್ಣೆಯಲ್ಲಿ ಬಿಸಿ ಮಾಡಿದರೆ ಸಾಕು. ತೆಳುವಾದ್ದರಿಂದ ಸಾಲ್ಸಾದಲ್ಲಿ 20 ಸೆಕೆಂಡು ಸಾಕು, ಅಷ್ಟರಲ್ಲಿ ತಟ್ಟೆ ಕೈಯಲ್ಲಿರಬೇಕು. ರುಚಿ ಮೆಕ್ಸಿಕೊದ್ದಲ್ಲ, ಆದರೆ ಬ್ಯಾಡಗಿಯ ಜೊತೆ ಅದು ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದರೆ ಸಾಲ್ಸಾ ದುಪ್ಪಟ್ಟು ಮಾಡಿ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನಾಲ್ಕು ದಿನ ಕೆಡುವುದಿಲ್ಲ.