ಮುರಿದ ಗಿಟಾರು, ಮಳೆಗಾಲದ ಕ್ಲಾಸು

ಕಾರವಾರದ ಜುಲೈ ಮಳೆ ಅಂದ್ರೆ ಗೊತ್ತಲ್ಲ, ಎಷ್ಟು ಕೂಗಿ ಪಾಠ ಮಾಡಿದ್ರೂ ಹಿಂದಿನ ಬೆಂಚಿಗೆ ಕೇಳೂದಿಲ್ಲ. ನನ್ನ ಪಬ್ಲಿಕ್ ರಿಲೇಷನ್ಸ್ (ಸಾರ್ವಜನಿಕ ಸಂಪರ್ಕ) ಪೀರಿಯಡ್ ಬೇರೆ ಊಟ ಆದ್ಮೇಲೆ, ಮೀನ್ಸಾರು ಅನ್ನ ಉಂಡು ಕೂತ ಮಕ್ಕಳಿಗೆ ಈ ಕ್ಷೇತ್ರದ ಮೊದಲಿಗರಲ್ಲೊಬ್ಬ ಐವಿ ಲೀ, 1906 ಅಂತೆಲ್ಲ ಹೇಳಿದ್ರೆ ಬರ್ಕೊಳ್ತಾರೆ ಅಷ್ಟೇ, ಮುಖದಲ್ಲಿ ಎಂತದೂ ಕಾಣೂದಿಲ್ಲ. ಅದು ನಂಗೆ ತುಂಬಾ ಬೇಜಾರಾಗ್ತಿತ್ತು, ಯಾಕಂದ್ರೆ ನಂಗೆ ಈ ವಿಷಯ ಅಂದ್ರೆ ಜೀವ.

ಅವತ್ತು ಮೊಬೈಲ್ ಹಾಟ್‌ಸ್ಪಾಟಲ್ಲೇ ಪ್ರಾಜೆಕ್ಟರ್ ಹಾಕಿ ಡೇವ್ ಕ್ಯಾರಲ್ ಹಾಡು ತೋರಿಸ್ದೆ. ಕೆನಡಾದ ಗಾಯಕ, 2008ರಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದಲ್ಲಿ ಹೋಗುವಾಗ ಇವನ ಗಿಟಾರ್ ಮುರೀತು, ರಿಪೇರಿಗೆ ಸಾವಿರದ ಇನ್ನೂರು ಡಾಲರ್, ಕಂಪನಿಯವ್ರು 24 ತಾಸೊಳಗೆ ದೂರು ಕೊಟ್ಟಿಲ್ಲ ಅಂತ ಪರಿಹಾರ ಕೊಡ್ಲಿಲ್ಲ, ಒಂಬತ್ತು ತಿಂಗಳು ಅಲೆದು ಸಾಕಾಗಿ 2009ರಲ್ಲಿ ಆ ಕತೆನೇ ತಮಾಷೆ ಹಾಡು ಮಾಡಿ ಯೂಟ್ಯೂಬಿಗೆ ಹಾಕ್ದ. ಗಿಟಾರ್ ಪೆಟ್ಟಿಗೆ ಎಸೆಯೋ ಸೀನ್ ಬಂದಾಗ ಇಡೀ ಕ್ಲಾಸು ನಗ್ತು, ಮಳೆ ಸದ್ದಿಗಿಂತ ಜೋರು.

ನಗು ನಿಲ್ಲೂದ್ರೊಳಗೆ ಹೇಳ್ದೆ, ನೀವೇ ಕಂಪನಿ ಪಿಆರ್‌ಓ, ಅಂದ್ರೆ ಸಾರ್ವಜನಿಕ ಸಂಪರ್ಕ ಅಧಿಕಾರಿ, ಇವನಿಗೆ ಐದು ಸಾಲಲ್ಲಿ ಉತ್ತರ ಬರೀರಿ. ಹೆಚ್ಚಿನವ್ರು "ನಿಯಮದ ಪ್ರಕಾರ" ಅಂತಲೇ ಶುರು ಮಾಡಿದ್ರು. ಓದಿ ಹೇಳುವಾಗ ಅವ್ರಿಗೇ ಗೊತ್ತಾಯ್ತು, ತಾವು ಬರೆದದ್ದೂ ಆ ಕಂಪನಿಯ ಉತ್ತರನೇ ಅಂತ. ಇದನ್ನ ನೋಟ್ಸಲ್ಲಿ ಹೇಗೆ ಕಲಿಸೂದು ಹೇಳಿ?

ಆಗ ಅಂಕೋಲಾ ಕಡೆ ಹುಡುಗಿ ಎದ್ದು ನಿಂತ್ಲು. "ಮೇಡಂ, ಗಿಟಾರ್ ಮುರಿದ್ರೆ ನಗ್ಬಹುದು. ಶಿರೂರಲ್ಲಿ ಗುಡ್ಡ ಬಿದ್ದಾಗ ನಮ್ಮನೇಲಿ ಎಲ್ರೂ ವಾಟ್ಸಾಪ್ ನೋಡ್ತಾ ಕೂತಿದ್ರು, ಯಾವ್ದು ನಿಜ ಯಾವ್ದು ಸುಳ್ಳು ತಿಳೀಲೇ ಇಲ್ಲ. ಅದಕ್ಕೆಂತ ಬರೀಬೇಕು?"

ಆ ಗುಡ್ಡ ಬಿದ್ದದ್ದು 2024ರ ಜುಲೈ 16ಕ್ಕೆ, ಆಗಷ್ಟೇ ವರ್ಷ ಕಳೆದಿತ್ತು. ಕ್ಲಾಸು ತಣ್ಣಗಾಯ್ತು. ನಾನು ಲ್ಯಾಪ್‌ಟಾಪ್ ಮುಚ್ಚಿದೆ, ಸಾವು ನೋವಿನ ಮಾತಿಗೆ ತಮಾಷೆ ವಿಡಿಯೋ ಹಾಕೂದು ನನ್ನಿಂದ ಆಗೂದಿಲ್ಲ, ಆಗ್ಲೂಬಾರ್ದು. ಮತ್ತೆ ಅದೇ ಐವಿ ಲೀ ಪುಟ ತೆಗೆದೆ. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ರ ರೈಲು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ರು, ರೈಲು ಕಂಪನಿ ಪರವಾಗಿ ಲೀ ವಿಷಯ ಮುಚ್ಚಿಡ್ದೆ ಗೊತ್ತಿದ್ದದ್ದನ್ನ ಬರೆದು ಪತ್ರಿಕೆಗಳಿಗೆ ಕೊಟ್ಟ. ಮೊದಲ ಪ್ರೆಸ್ ರಿಲೀಸ್ (ಪತ್ರಿಕಾ ಪ್ರಕಟಣೆ) ಅಂತ ಸಾಮಾನ್ಯವಾಗಿ ಹೇಳೂದು ಅದನ್ನೇ. ಹಿಂದಿನ ವಾರ ಇದನ್ನೇ ಹೇಳಿದ್ದೆ, ಯಾರೂ ತಲೆ ಎತ್ತಿರ್ಲಿಲ್ಲ. ಇವತ್ತು ಬರೆಯೂದು ಬಿಟ್ಟು ನನ್ನೇ ನೋಡ್ತಿದ್ರು.

ಮುಂದಿನ ವಾರ ಆ ಹುಡುಗಿ ಒಂದು ಹಾಳೆ ತಂದ್ಲು, ಗುಡ್ಡ ಕುಸಿದ ಮೊದಲ ತಾಸಲ್ಲಿ ಕೊಡ್ಬೇಕಾದ ಪ್ರಕಟಣೆ. ಮೇಲಿನ ಸಾಲು ಹೀಗಿತ್ತು: "ರಸ್ತೆ ಬಂದ್ ಆಗಿದೆ. ಸದ್ಯ ನಮಗೆ ಗೊತ್ತಿರುವುದು ಇಷ್ಟೇ, ಮುಂದಿನ ಮಾಹಿತಿ 11 ಗಂಟೆಗೆ ಕೊಡುತ್ತೇವೆ."