ಕಲ್ಲು ನೋಡಲೆಂದೇ ಮಲ್ಪೆಯಿಂದ ಹಂಪಿಗೆ

ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಬಸಾಲ್ಟ್ ಎಂಬ ಕರಿಯ ಲಾವಾಶಿಲೆಯೆಂದೇ ನಾನು ಬಹುಕಾಲ ನಂಬಿದ್ದೆ, ಈಗಲೂ ಹಾಗೆನ್ನುವವರೇ ಹೆಚ್ಚು. ಅವು ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಜಾತಿಯ ಲಾವಾಶಿಲೆಗಳೆಂದೂ, ರಾಸಾಯನಿಕವಾಗಿ ವಿಜಯಪುರದ ಕಡೆಯ ಬಸಾಲ್ಟ್ ಕರಿಗಲ್ಲಿಗಿಂತ ಹಂಪಿಯ ಗ್ರಾನೈಟಿಗೇ ಹತ್ತಿರವೆಂದೂ ತಿಳಿದಾಗ ಎರಡೂ ಊರುಗಳನ್ನು ಬೆನ್ನುಬೆನ್ನಿಗೆ ನೋಡಲು ಹೊರಟೆ. ನೆಲದಡಿಯಲ್ಲೇ ತಣಿದ ಅಂತಸ್ಸರಣ, ಹೊರಚೆಲ್ಲಿ ತಣಿದ ಬಹಿಸ್ಸರಣ ಅಗ್ನಿಶಿಲೆಗಳೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಭೇದ ಕಣ್ಣಿಗೆ ಕಾಣಬೇಕೆಂದರೆ ಇದೇ ಕ್ರಮದಲ್ಲಿ ಹೋಗುವುದು ಒಳ್ಳೆಯದು.

ದಡದಲ್ಲಿ ಹಣ ಪಡೆಯುವಾಗ ಬೇಕಾದಷ್ಟು ಹೊತ್ತು ಇರಬಹುದೆಂದ ದೋಣಿಯವರು, ದ್ವೀಪದಲ್ಲಿ ಇಳಿಸುವಾಗ ಒಂದೇ ಗಂಟೆಯಲ್ಲಿ ಮರಳಬೇಕೆಂದರು. ಆ ದಿನ ಭಾನುವಾರ. ಜನಜಂಗುಳಿ ನನಗೆ ಸಹಿಸದು, ಅರ್ಧ ಗಂಟೆ ಕಂಬಗಳ ಹತ್ತಿರ ಸುಳಿಯಲೂ ಆಗಲಿಲ್ಲ. ನೀವು ವಾರದ ನಡುವೆ ಮೊದಲ ದೋಣಿಗೇ ಹೋಗಿ, ಸಮಯವನ್ನು ಹತ್ತುವ ಮೊದಲೇ ಗಟ್ಟಿಮಾಡಿಕೊಳ್ಳಿ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ.

ಒಂದು ಭೂತಗನ್ನಡಿ ಜೊತೆಗಿರಲಿ. ಕಂಬದ ಮೈಗೆ ಅದನ್ನು ಹಿಡಿದರೆ ಹರಳುಗಳೇ ತೋರದಷ್ಟು ನುಣುಪಾದ ಹಾಸು, ಅದರಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಯ ಚುಕ್ಕೆ ಕಾಣುತ್ತದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಚೆಲ್ಲಿದ ಲಾವಾರಸ ಬೇಗನೆ ತಣಿದು, ಹರಳುಗಳಿಗೆ ಬೆಳೆಯುವ ಬಿಡುವೇ ಸಿಗಲಿಲ್ಲ. ಆ ಚುಕ್ಕೆಗಳು ಮಾತ್ರ ನೆಲದಡಿಯಲ್ಲಿದ್ದಾಗಲೇ ಮೂಡಿದಂಥವು. ತಣಿಯುತ್ತ ಕುಗ್ಗಿದ ಕಲ್ಲು ಕೆರೆಯಂಗಳದ ಮಣ್ಣಿನಂತೆ ಬಿರಿಯಿತು, ಬಿರುಕು ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತ ಹೋದಂತೆ ಐದಾರು ಮುಖದ ಕಂಬಗಳಾದವು.

ಉಡುಪಿಯಿಂದ ಹೊಸಪೇಟೆಗೆ ಹಿಡಿದ ರಾತ್ರಿ ಬಸ್ಸಿನಲ್ಲಿ ಸೀಟು ಹಿಂದಕ್ಕೆ ಬಾಗುತ್ತಿರಲಿಲ್ಲ, ಕಿಟಕಿ ಮುಚ್ಚುತ್ತಿರಲಿಲ್ಲ. ಘಟ್ಟದ ಚಳಿಗಾಳಿಯಲ್ಲಿ ಕಣ್ಣು ಮುಚ್ಚಲಾಗಲಿಲ್ಲ. ಹಗಲು ಪ್ರಯಾಣವೇ ಮೇಲು.

ಆ ಆಯಾಸವನ್ನು ಕಳೆದದ್ದು ಕಮಲಾಪುರದ ಒಂದು ಪುಟ್ಟ ಖಾನಾವಳಿ. ಒಲೆಯ ಮುಂದೆ ಕೂತ ಅಜ್ಜಿ ತಟ್ಟುತ್ತಿದ್ದ ಜೋಳದ ರೊಟ್ಟಿ ಬಿಸಿಬಿಸಿಯಾಗಿಯೇ ತಟ್ಟೆಗೆ ಬರುತ್ತಿತ್ತು; ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೇಳಿದಷ್ಟು ಸಲ ಬಡಿಸಿ ಎಂಬತ್ತು ರೂಪಾಯಿ. ಮೂರು ದಿನವೂ ಅಲ್ಲೇ ಉಂಡೆ.

ಹಂಪಿಯಲ್ಲಿ ಮಾರ್ಗದರ್ಶಿಯೊಬ್ಬರು ಅಲ್ಲಿನ ಗುಂಡುಬಂಡೆಗಳನ್ನೆಲ್ಲ ಜ್ವಾಲಾಮುಖಿ ಎಸೆಯಿತೆಂದು ಹಣ ಪಡೆದು ವಿವರಿಸಿದರು. ಅದು ತಪ್ಪು ಎಂಬುದಕ್ಕೆ ಬಂಡೆಯೇ ಸಾಕ್ಷಿ. ಹಿಂದಿನವರು ಉಳಿ ತೂತುಗಳ ಸಾಲು ಕೊರೆದು ಸೀಳಿದ ಬಂಡೆಗಳು ಅಲ್ಲಿ ಎಷ್ಟೋ ಇವೆ. ಅಂಥ ಸೀಳುಮುಖದಲ್ಲಿ ಗುಲಾಬಿ ಛಾಯೆಯ ಫೆಲ್ಡ್‌ಸ್ಪಾರ್, ಗಾಜಿನಂಥ ಬೂದು ಕ್ವಾರ್ಟ್ಜ್, ಕರಿ ಅಭ್ರಕದ ತೆಳು ಹಾಳೆ, ಮೂರನ್ನೂ ಕನ್ನಡಿಯಿಲ್ಲದೆ ಬರಿಗಣ್ಣಿನಿಂದಲೇ ಬೇರೆಬೇರೆಯಾಗಿ ಗುರುತಿಸಬಹುದು. ಸುಮಾರು 250 ಕೋಟಿ ವರ್ಷಗಳ ಹಿಂದೆ ಶಿಲಾಪಾಕ ಹೊರಬರದೆ ಕಿಲೋಮೀಟರುಗಟ್ಟಲೆ ಆಳದಲ್ಲೇ ನಿಂತು, ಸುತ್ತಲ ಕಲ್ಲು ಕಂಬಳಿಯಂತೆ ಶಾಖ ಹಿಡಿದಿಟ್ಟದ್ದರಿಂದ ಲಕ್ಷಾಂತರ ವರ್ಷ ನಿಧಾನವಾಗಿ ತಣಿದು ಹರಳುಗಳು ಹೀಗೆ ಬೆಳೆದವು. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡ, ದಕ್ಷಿಣೋತ್ತರವಾಗಿ ಚಾಚಿದ ಪಟ್ಟಿಯ ಉತ್ತರ ಭಾಗವಿದು. ಮೇಲಿದ್ದ ಕಲ್ಲೆಲ್ಲ ಸವೆದ ಮೇಲೆ ಇದು ಹೊರಗೆ ಕಂಡಿತು. ಬಿರುಕುಗಳಲ್ಲಿ ನೀರಿಳಿದು ಮೂಲೆಗಳು ಮೊದಲು ಕರಗಿದ್ದರಿಂದ ಬಂಡೆಗಳು ಗುಂಡಾದವು.

ಹೇಮಕೂಟದ ಇಳಿಜಾರಿಗೆ ಸೂರ್ಯೋದಯದ ಹೊತ್ತಿಗೆ ಹೋಗಿ. ಓರೆ ಬಿಸಿಲಿನಲ್ಲಿ ಫೆಲ್ಡ್‌ಸ್ಪಾರಿನ ಚಪ್ಪಟೆ ಮುಖಗಳು ಮಿನುಗುತ್ತವೆ, ಹತ್ತು ಗಂಟೆಯ ನಂತರ ಅದು ಕಾಣುವುದಿಲ್ಲ.